ಕರಾರು ಮುಗಿದರೆ ಆಟವೂ ಮುಗಿಯಬೇಕೆ?

2025ರ ಜುಲೈ ತಿಂಗಳಲ್ಲಿ ದೇಶದ ಅತ್ಯುನ್ನತ ಫುಟ್‌ಬಾಲ್ ಪಂದ್ಯಾವಳಿಯಾದ ಇಂಡಿಯನ್ ಸೂಪರ್ ಲೀಗನ್ನು ತಡೆಹಿಡಿದರು. ಆಟಗಾರರೇನೂ ಮುಷ್ಕರ ಹೂಡಿರಲಿಲ್ಲ; ಮೈದಾನಗಳಿಗೆ ನೆರೆ ನುಗ್ಗಿರಲಿಲ್ಲ. ಫುಟ್‌ಬಾಲ್ ಫೆಡರೇಷನ್ನು 2010ರಲ್ಲಿ ವ್ಯಾಪಾರಸ್ಥರೊಡನೆ ಮಾಡಿಕೊಂಡ ಹದಿನೈದು ವರ್ಷಗಳ ಕರಾರು ಡಿಸೆಂಬರಿಗೆ ಮುಗಿಯುವುದಿತ್ತು, ಅಷ್ಟೆ. ಹೊಸ ಟೆಂಡರಿಗೆ ನವೆಂಬರಿನಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಕೊನೆಗೆ 2026ರ ಜನವರಿಯಲ್ಲಿ ಕೇಂದ್ರದ ಕ್ರೀಡಾ ಸಚಿವರೇ ಫೆಬ್ರವರಿ 14ರಿಂದ ಆಟ ನಡೆಯುವುದೆಂದು ಸಾರಬೇಕಾಯಿತು.

ಈ ನಡುವೆ ಆದುದೇನು? 2013-14ರಲ್ಲಿ ತನ್ನ ಮೊದಲ ವರ್ಷವೇ ಐ-ಲೀಗನ್ನೂ 2019ರಲ್ಲಿ ಸೂಪರ್ ಲೀಗನ್ನೂ ಗೆದ್ದ ಬೆಂಗಳೂರು ಎಫ್.ಸಿ.ಯು ಆಗಸ್ಟಿನಲ್ಲಿ ತನ್ನ ಮೊದಲ ತಂಡದ ಆಟಗಾರರ ಸಂಬಳವನ್ನೇ ನಿಲ್ಲಿಸಿತು. 2022ರಲ್ಲಿ ಇದೇ ಲೀಗನ್ನು ಗೆದ್ದಿದ್ದ ಹೈದರಾಬಾದಿನ ತಂಡವಂತೂ ಹೊಸ ಮಾಲೀಕರ ಕೈಸೇರಿ, ಇದ್ದ ಹೆಸರನ್ನೂ ಕಳಚಿಟ್ಟು ದಿಲ್ಲಿಗೆ ಹೊರಟುಹೋಯಿತು. ಅಂಗಡಿ ಎತ್ತಿದಂತೆ ಎತ್ತಬಹುದಾದ ತಂಡವನ್ನು ಊರಿನ ತಂಡವೆಂದು ಕರೆಯುವುದು ಯಾವ ನ್ಯಾಯ?

‘ಹಣವಂತರಿಲ್ಲದೆ ಆಟ ನಡೆದೀತೆ?’ ಎಂದು ಕೇಳುವ ಪ್ರಾಜ್ಞರಿದ್ದಾರೆ. ಹಣ ಬೇಕು, ಒಪ್ಪಿದೆ. ಆದರೆ ಬೇರಿಗೆರೆಯಬೇಕಾದ ನೀರನ್ನು ಹೂವಿಗೆ ಚಿಮುಕಿಸಿದರೆ ಗಿಡ ಬದುಕೀತೆ? ನಮ್ಮ ಮುಧೋಳಕ್ಕೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. 1956ರ ನವೆಂಬರ್ 1ರವರೆಗೆ ನಾವು ಆ ರಾಜ್ಯದವರೇ. ಅಲ್ಲಿಯ ಸೈಯದ್ ಅಬ್ದುಲ್ ರಹೀಂ ವೃತ್ತಿಯಿಂದ ಶಾಲೆಯ ಮಾಸ್ತರರು. ಹೈದರಾಬಾದಿನ ಪೊಲೀಸ್ ತಂಡವನ್ನು ತಿದ್ದಿದವರು ಅವರು. ಅವರ ತರಬೇತಿಯಲ್ಲಿ ಭಾರತ ತಂಡ ಅದೇ ವರ್ಷ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯದಾಯಿತು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದಿತು. ಮೆಲ್ಬರ್ನಿಗೆ ಹೋದ ತಂಡದಲ್ಲಿ ಕನ್ನಡ ನಾಡಿನ ಕೆಂಪಯ್ಯನವರೂ ಇದ್ದರು. ಅಂದು ಕೋಟಿಗಟ್ಟಲೆ ರೂಪಾಯಿಯ ಕರಾರು ಇರಲಿಲ್ಲ. ಹುಡುಗರಿಗೆ ಕಲಿಸುವ ಮಾಸ್ತರರಿದ್ದರು, ಆಡುವುದಕ್ಕೆ ಮೈದಾನವಿತ್ತು.

ಇಂದು ನಮ್ಮಲ್ಲಿ ಹಣವಿಲ್ಲವೆನ್ನುವಂತೆಯೂ ಇಲ್ಲ. ಸೇಡಂ, ಮಳಖೇಡ, ವಾಡಿಗಳಲ್ಲಿ ನಮ್ಮ ನೆಲದ ಸುಣ್ಣದ ಕಲ್ಲು ಸಿಮೆಂಟಾಗಿ ದೇಶಕ್ಕೆಲ್ಲ ಹೋಗುತ್ತಿದೆ. 2013ರ ಕಂಪೆನಿ ಕಾಯಿದೆಯ ಪ್ರಕಾರ ದೊಡ್ಡ ಕಂಪೆನಿಗಳು ಲಾಭದ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ತೆಗೆದಿಡಬೇಕು. ಆ ಕಾರ್ಯಗಳ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆಗಳ ತರಬೇತಿಯೂ ಸೇರಿದೆ. ಅದರಲ್ಲಿ ಒಂದು ಪಾಲನ್ನು ಫುಟ್‌ಬಾಲಿಗೆಂದು ಕೇಳಿ ಪಡೆಯುವುದು ಭಿಕ್ಷೆಯಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ: ಐದು ಊರು, ಐದು ತಂಡ. ಪ್ರತಿಯೊಂದು ತಂಡವೂ ಉಳಿದ ನಾಲ್ಕರೊಡನೆ ತನ್ನೂರಿನಲ್ಲಿ ಒಮ್ಮೆ, ಅವರೂರಿನಲ್ಲಿ ಒಮ್ಮೆ ಆಡಿದರೆ ಇಪ್ಪತ್ತು ಪಂದ್ಯಗಳಾದುವು. ಚಳಿಗಾಲದ ಹತ್ತು ಭಾನುವಾರಗಳಲ್ಲಿ ಎರಡೆರಡು ಪಂದ್ಯ ನಡೆಸಿದರೆ ಸಾಕು. ಬೇಕಾದುದು ಸಮತಟ್ಟಾದ ಐದು ಮೈದಾನ, ಕೆಲವು ಚೆಂಡು, ನಿಯಮ ಬಲ್ಲ ರೆಫರಿಗಳು, ಪ್ರಯಾಣದ ಖರ್ಚು, ಊರಿಗೊಬ್ಬ ಮಾಸ್ತರ. ಜಿಲ್ಲಾ ಆಡಳಿತ ಮನಸ್ಸು ಮಾಡಿದರೆ ಒಂದು ವರ್ಷದಲ್ಲಿ ಆಗುವ ಕೆಲಸವಿದು.

ನಮ್ಮೂರಿನ ಹುಡುಗರಿಗೆ ದೊಡ್ಡ ಲೀಗನ್ನು ಟಿ.ವಿ.ಯಲ್ಲಿ ನೋಡಿ ಚಪ್ಪಾಳೆ ತಟ್ಟುವ ಭಾಗ್ಯವನ್ನಷ್ಟೆ ಕೊಟ್ಟು, ‘ಭಾರತದಲ್ಲಿ ಫುಟ್‌ಬಾಲ್ ಬೆಳೆಯಲಿಲ್ಲ’ವೆಂದು ಗೋಳಾಡುವುದು ಸಾಕು. ಐದು ಊರುಗಳ ಈ ಲೀಗು ಚಿಕ್ಕದು, ನಿಜ. ಆದರೆ ಯಾವ ಕರಾರು ಮುಗಿದರೂ ಇದನ್ನು ದಿಲ್ಲಿಗೆ ಹೊತ್ತೊಯ್ಯಲು ಯಾರಿಗೂ ಆಗದು.