ಮಿತಿ ಇಳಿಯಿತು, ಸಾಲ ಇಳಿಯಲಿಲ್ಲ

ಜೂನ್ ಎಂದರೆ ಮಾಷ್ಟ್ರ ಮನೆಯಲ್ಲೂ ಕೈ ಬಿಗಿಯಾಗುವ ತಿಂಗಳು. ಮಕ್ಕಳ ಫೀಸು, ಪುಸ್ತಕ, ಕೊಡೆ, ಮೇಲಿಂದ ಮಳೆಗಾಲದ ಜ್ವರ. ಕಳೆದ ಜೂನಿನಲ್ಲಿ ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದೆವು. ಕಾಸರಗೋಡಿನ ನಮಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರೇ ತಾನೆ! ಮನೆಗೆ ಹೊರಡುವ ದಿನ ಹದಿನೆಂಟು ಸಾವಿರದ ಬಿಲ್ಲಿಗೆ ಕ್ರೆಡಿಟ್ ಕಾರ್ಡ್ ಕೊಟ್ಟರೆ ಕೌಂಟರಿನ ಹುಡುಗಿ ಎರಡು ಸಲ ನೋಡಿ, "ಸರ್, ಆಗ್ತಾ ಇಲ್ಲ, ಬೇರೆ ಕಾರ್ಡ್ ಉಂಟಾ?" ಎಂದಳು. ಹಿಂದೆ ಜನ ಸಾಲಾಗಿ ನಿಂತಿದ್ದರು. ಭಾವನಿಗೆ ಫೋನ್ ಮಾಡಿ ಹಣ ತರಿಸಿಕೊಂಡೆವು.

ಮನೆಗೆ ಬಂದು ಮೊಬೈಲ್ ಹುಡುಕಿದಾಗ ಮೂರು ದಿನ ಹಿಂದಿನ ಇಂಗ್ಲಿಷ್ ಸಂದೇಶವೊಂದು ಸಿಕ್ಕಿತು. ನಮ್ಮ ಕಾರ್ಡಿನ ಮಿತಿಯನ್ನು ಒಂದೂವರೆ ಲಕ್ಷದಿಂದ 75,000 ರೂಪಾಯಿಗೆ ಇಳಿಸಿದ್ದರು. ಕಾರಣ ಬರೆದಿರಲಿಲ್ಲ.

ಹಿಂದಿನ ಕಥೆ ಇಷ್ಟು. ಹಳೆಯ ಕಾರ್ಡಿನಲ್ಲಿ 80,000 ರೂಪಾಯಿ ಬಾಕಿ ಇತ್ತು. ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ, ಅಂದರೆ 2,800 ರೂಪಾಯಿ. ವರ್ಷಕ್ಕೆ ನೂರಕ್ಕೆ 42 ಆಯಿತು! ಹೊಸ ಬ್ಯಾಂಕಿನವರು ಆ ಬಾಕಿಯನ್ನು ತಮ್ಮ ಕಾರ್ಡಿಗೆ ವರ್ಗಾಯಿಸಿಕೊಂಡು ಆರು ತಿಂಗಳ ಮಟ್ಟಿಗೆ ನೂರಕ್ಕೆ ಒಂದರ ಬಡ್ಡಿ ಎಂದರು. ಶುಲ್ಕ 1,600, ಅದರ ಮೇಲೆ ಜಿಎಸ್‌ಟಿ. ಇದಕ್ಕೇ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಎನ್ನುವುದು. ಲೆಕ್ಕ ಲಾಭದ್ದೇ ಆಗಿತ್ತು, ಒಪ್ಪಿಕೊಂಡೆವು. ತಪ್ಪಿಸದೆ ಕಂತು ಕಟ್ಟಿ ಬಾಕಿಯನ್ನು 70,000ಕ್ಕೆ ತಂದಿದ್ದೆವು. ಆಗಲೇ ಮಿತಿಗೆ ಕತ್ತರಿ ಬಿತ್ತು. ಖರ್ಚಿಗೆ ಉಳಿದದ್ದು ಐದೇ ಸಾವಿರ.

ಪೆಟ್ಟು ಅಲ್ಲಿಗೆ ನಿಲ್ಲುವುದಿಲ್ಲ. ಸಿಬಿಲ್‌ನಂತಹ ಸಂಸ್ಥೆಗಳು ನಮಗೆ 300ರಿಂದ 900ರೊಳಗೆ ಅಂಕ ಕೊಡುವಾಗ ಮಿತಿಯಲ್ಲಿ ಎಷ್ಟು ಪಾಲು ಬಳಸಿದ್ದೇವೆ ಎಂಬುದನ್ನೂ ನೋಡುತ್ತವೆ. ಒಂದೂವರೆ ಲಕ್ಷದಲ್ಲಿ 70,000 ಎಂದರೆ ನೂರಕ್ಕೆ 47. ಅದೇ 70,000 ಎಪ್ಪತ್ತೈದರಲ್ಲಿ ನೂರಕ್ಕೆ 93! ಒಂದು ರೂಪಾಯಿಯೂ ಹೆಚ್ಚು ಸಾಲ ಮಾಡದೆ ನಾವು ಕಾಗದದ ಮೇಲೆ ಕುತ್ತಿಗೆವರೆಗೆ ಮುಳುಗಿದವರಾದೆವು. ಉತ್ತರ ಸರಿ ಬರೆದ ಹುಡುಗನಿಗೆ ಒಟ್ಟು ಅಂಕ ಬದಲಿಸಿ ಫೇಲು ಮಾಡಿದ ಹಾಗೆ.

ಮಿತಿ ಇಳಿಸುವ ಹಕ್ಕು ಬ್ಯಾಂಕಿಗೆ ಉಂಟು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಹಣ ಅವರದ್ದು, ಭಯವೂ ಅವರದ್ದು. ನಮ್ಮ ತಕರಾರು ರೀತಿಯ ಬಗ್ಗೆ. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಮಿತಿ ಏರಿಸಲು ಗ್ರಾಹಕನ ಸ್ಪಷ್ಟ ಒಪ್ಪಿಗೆ ಬೇಕು, ಇಳಿಸಿದರೆ ತಿಳಿಸಬೇಕು. ತಿಳಿಸುವುದು ಎಂದರೆ ಜಾಹೀರಾತುಗಳ ನಡುವೆ ಒಂದು ಇಂಗ್ಲಿಷ್ ಸಾಲು ಎಸೆಯುವುದೇ? ಹದಿನೈದು ದಿನ ಮೊದಲು, ಕಾರಣ ಸಹಿತ ಹೇಳಿದ್ದರೆ ನಾವು ಬೇರೆ ದಾರಿ ನೋಡಿಕೊಳ್ಳುತ್ತಿದ್ದೆವು. ಕಾರ್ಡಿನ ಷರತ್ತುಗಳು ಸಾಧ್ಯವಾದಷ್ಟು ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿರಲಿ ಎಂದೂ ಅದೇ ನಿರ್ದೇಶನ ಹೇಳಿತ್ತು. ಗಡಿಯ ಈಚೆ ಸ್ಥಳೀಯ ಭಾಷೆ ಎಂದೊಡನೆ ಮಲಯಾಳ ಮಾತ್ರ ನೆನಪಾಗುತ್ತದೆ. ಕನ್ನಡದಲ್ಲಿ ಕಲಿತು ಕನ್ನಡದಲ್ಲೇ ಲೆಕ್ಕ ಬರೆಯುವ ನಮ್ಮಂಥವರಿಗೆ ಯಾವ ಹಾಳೆ?

ನಮ್ಮ ತಪ್ಪೂ ಉಂಟು. ಮಿತಿಯಲ್ಲಿ ಉಳಿದದ್ದನ್ನು ಕೂಡಿಟ್ಟ ಹಣವೆಂದು ಲೆಕ್ಕ ಹಾಕಿದೆವು. ಸಾಲ ಒಂದು ಚೀಲದಿಂದ ಇನ್ನೊಂದಕ್ಕೆ ಹೋಯಿತೇ ಹೊರತು ತೀರಿರಲಿಲ್ಲ. ಅಮ್ಮನ ಆಸ್ಪತ್ರೆ ಖರ್ಚಿಗೆ ಬ್ಯಾಂಕಿನ ಮರ್ಜಿಯನ್ನು ನಂಬಿ ಕೂತವರು ನಾವೇ.

ಇಂಥದ್ದು ನಿಮಗೂ ಆದರೆ ಸಿಟ್ಟಿನಲ್ಲಿ ಕಂತು ನಿಲ್ಲಿಸಬೇಡಿ, ದಂಡ ಬೀಳುವುದು ನಮಗೇ. ಬಾಕಿ ಇರುವವರೆಗೆ ಆ ಕಾರ್ಡಿನಲ್ಲಿ ಹೊಸ ಖರೀದಿ ಬೇಡ. ಬಾಕಿ ಉಳಿದಿದ್ದರೆ ಹೊಸ ಖರ್ಚಿಗೆ ಬಡ್ಡಿಯಿಲ್ಲದ ದಿನಗಳು ಸಾಮಾನ್ಯವಾಗಿ ಸಿಗುವುದಿಲ್ಲ. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಕ್ರೆಡಿಟ್ ವರದಿ ತರಿಸಿ, ತಪ್ಪು ನಮೂದು ಉಂಟೋ ನೋಡಿ. ಕಾರಣ ಕೇಳಿ ಬ್ಯಾಂಕಿಗೆ ಬರಹದಲ್ಲೇ ದೂರು ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಲು ಖರ್ಚಿಲ್ಲ.

ನಾವು ಬರೆದೆವು. "ಆಂತರಿಕ ನೀತಿ" ಎಂಬ ಎರಡು ಪದದ ಉತ್ತರ ಬಂತು. ಉಳಿದ ಬಾಕಿಯನ್ನು ಊರಿನ ಸಹಕಾರಿ ಬ್ಯಾಂಕಿನ ಸಾಲದಿಂದ ತೀರಿಸಿದೆವು. ಅಲ್ಲಿ ಜಾಮೀನು ಕೇಳಿದರು, ಸಂಬಳದ ಚೀಟಿ ಕೇಳಿದರು, ನಾಲ್ಕು ಸಲ ಓಡಾಡಿಸಿದರು. ಆದರೆ ಕೇಳಿದ್ದಕ್ಕೆಲ್ಲ ಎದುರು ಕೂತು, ನಮ್ಮ ಮಾತಿನಲ್ಲೇ ಉತ್ತರ ಹೇಳಿದರು. ದೊಡ್ಡ ಬ್ಯಾಂಕಿನವರಿಂದ ನಾವು ಕೇಳುವುದೂ ಅಷ್ಟನ್ನೇ.