ಸೇನೆಗೆ ಒಂದು ದಾರಿ ಸಾಕು, ರೈತನಿಗೆ ಇಡೀ ಹೊಲ ಬೇಕು

ಬೆಂಗಳೂರಿನ ಹಲಸೂರು ಕೆರೆಯ ಆಸುಪಾಸಿನಲ್ಲಿ ನೆಲೆಗೊಂಡಿರುವ ಮದ್ರಾಸ್ ಸ್ಯಾಪರ್ಸ್ ಪಡೆಗೆ ಸೇರಿದ್ದ ಮೆಕ್ಲಿಂಟಾಕ್ ಎಂಬ ಬ್ರಿಟಿಷ್ ಕ್ಯಾಪ್ಟನ್ 1912ರಲ್ಲಿ ಒಂದು ಸಾಧನ ರೂಪಿಸಿದರು. ಸಿಡಿಮದ್ದು ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಮುಳ್ಳುತಂತಿಯ ಬೇಲಿಯಡಿ ತಳ್ಳಿ ದೂರದಿಂದ ಸಿಡಿಸಿದರೆ ಸೈನಿಕರು ನುಗ್ಗುವಷ್ಟು ದಾರಿ ತೆರೆದುಕೊಳ್ಳುತ್ತಿತ್ತು. ಎರಡು ಮಹಾಯುದ್ಧಗಳಲ್ಲಿ ಬಳಕೆಯಾದ ಈ ಸಾಧನವನ್ನು ಜಗತ್ತಿನ ಸೇನೆಗಳು ಇವತ್ತಿಗೂ ‘ಬ್ಯಾಂಗಲೋರ್ ಟಾರ್ಪಿಡೊ’ ಎಂದೇ ಕರೆಯುತ್ತವೆ. ಮುಂದೆ ಅದು ನೆಲಬಾಂಬ್ ಹೂತ ಜಾಗಗಳಲ್ಲಿ ದಾರಿ ಮಾಡಲೂ ಬಂತು.

ಯುದ್ಧದಲ್ಲಿ ಅಷ್ಟು ಸಾಕು. ದಾರಿಯ ಎಡಬಲದಲ್ಲಿ ಏನು ಉಳಿಯಿತು ಎಂದು ಮುನ್ನುಗ್ಗುವ ಪಡೆ ತಿರುಗಿ ನೋಡುವುದಿಲ್ಲ. ಆದರೆ ಯುದ್ಧ ಮುಗಿದ ಮೇಲೆ ಊರಿಗೆ ಮರಳುವ ರೈತನಿಗೆ ಬೇಕಾದದ್ದು ಹೊಲದ ಪ್ರತಿ ಗೇಣು ನೆಲ. ನೂರು ಬಾಂಬುಗಳಲ್ಲಿ ತೊಂಬತ್ತೊಂಬತ್ತನ್ನು ತೆಗೆದಿದ್ದೇವೆ ಎಂದರೆ ಅವನು ನೇಗಿಲು ಹೂಡುವಂತಿಲ್ಲ, ಅವನ ಮಗಳು ದನ ಬಿಡುವಂತಿಲ್ಲ. ಮಾನವೀಯ ನೆಲಬಾಂಬ್ ತೆರವು ಅಷ್ಟು ನಿಧಾನದ, ಅಷ್ಟು ದುಬಾರಿಯ ಕೆಲಸವಾಗಿರುವುದಕ್ಕೆ ಕಾರಣ ಇದೇ. ಒಂದು ನೆಲಬಾಂಬ್ ತಯಾರಿಸಲು ಮೂರು ಡಾಲರ್ ಸಾಕಾಗಬಹುದು. ಅದನ್ನು ಹುಡುಕಿ ತೆಗೆಯಲು 300ರಿಂದ 1,000 ಡಾಲರ್ ಬೇಕು ಎಂಬುದು ವಿಶ್ವಸಂಸ್ಥೆ ಬಹುಕಾಲದಿಂದ ಹೇಳುತ್ತಾ ಬಂದಿರುವ ಅಂದಾಜು.

ನಮ್ಮ ನೆರೆಯ ಶ್ರೀಲಂಕಾದ ಮುಹಮಾಲೈ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಜಾಫ್ನಾ ಪರ್ಯಾಯದ್ವೀಪಕ್ಕೆ ಹೋಗುವ ಎ-9 ಹೆದ್ದಾರಿ ಹಾದುಹೋಗುವ ಈ ಊರು ಹಲವು ವರ್ಷ ಸೇನೆ ಮತ್ತು ಎಲ್‌ಟಿಟಿಇ ನಡುವಿನ ರಣರೇಖೆಯಾಗಿತ್ತು. ಸೇನೆ ಪಾಕಿಸ್ತಾನದಲ್ಲಿ ತಯಾರಾದ ಪಿ-4 ನೆಲಬಾಂಬುಗಳನ್ನು ಹೂತಿತು; ಎಲ್‌ಟಿಟಿಇ ತಾನೇ ತಯಾರಿಸಿದ ‘ರಂಗನ್ 99’ ಎಂಬುದನ್ನು ಹೂತಿತು. 2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯಿತು. ತೆಂಗು, ತಾಳೆಯ ಆ ನೆಲ ಮಾತ್ರ ದೇಶದ ಅತಿದೊಡ್ಡ ನೆಲಬಾಂಬ್ ಪ್ರದೇಶಗಳಲ್ಲಿ ಒಂದಾಗಿ ಉಳಿಯಿತು. ಶಿಬಿರಗಳಲ್ಲಿದ್ದ ಕುಟುಂಬಗಳಿಗೆ ‘ನಿಮ್ಮ ಮನೆ ನಿಮ್ಮದೇ, ಆದರೆ ಇನ್ನೂ ಹೋಗಬೇಡಿ’ ಎಂದು ವರ್ಷಗಟ್ಟಲೆ ಹೇಳಬೇಕಾಯಿತು.

ತೆರವಿನ ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಮೊದಲು ಊರಿನವರನ್ನು ಕೇಳಿ, ಹಳೆಯ ಯುದ್ಧನಕ್ಷೆ ಸಿಕ್ಕಿದರೆ ಅದನ್ನು ನೋಡಿ, ಎಲ್ಲಿ ದನ ಸತ್ತಿತು, ಯಾರ ಕಾಲು ಹೋಯಿತು ಎಂದು ವಿಚಾರಿಸಿ ಅನುಮಾನದ ಜಾಗವನ್ನು ಗುರುತಿಸುತ್ತಾರೆ. ಆಮೇಲೆ ಅದನ್ನು ಕಿರಿದಾದ ಪಟ್ಟಿಗಳಾಗಿ ವಿಂಗಡಿಸಿ ಕೆಂಪು, ಬಿಳಿ ಬಣ್ಣದ ಗೂಟಗಳನ್ನು ನೆಡುತ್ತಾರೆ. ಮುಖಕ್ಕೆ ದಪ್ಪ ಪಾರದರ್ಶಕ ಕವಚ, ಮೈಗೆ ಭಾರದ ರಕ್ಷಾಕವಚ ತೊಟ್ಟ ಕೆಲಸಗಾರರು ಲೋಹಶೋಧಕ ಹಿಡಿದು ಅಂಗುಲ ಅಂಗುಲವಾಗಿ ಮುಂದೆ ಸಾಗುತ್ತಾರೆ. ಶೋಧಕ ಸದ್ದು ಮಾಡಿದಾಗಲೆಲ್ಲ ನೆಲದಡಿ ಬಾಂಬ್ ಇರುತ್ತದೆ ಎಂದೇನಿಲ್ಲ. ಮೊಳೆ, ತಂತಿ, ಷೆಲ್ಲಿನ ಚೂರು ಏನೂ ಇರಬಹುದು. ಆದರೂ ಪ್ರತಿ ಸದ್ದನ್ನೂ ಬಾಂಬ್ ಎಂದೇ ಎಣಿಸಿ ಪಕ್ಕದಿಂದ ಮಣ್ಣು ಬಿಡಿಸಬೇಕು. ಪ್ಲಾಸ್ಟಿಕ್ ಕವಚದ ಬಾಂಬುಗಳಲ್ಲಿ ಲೋಹದ ಅಂಶ ತೀರ ಕಡಿಮೆ. ಹಾಗಾಗಿ ಉತ್ತರ ಶ್ರೀಲಂಕಾದ ಸಡಿಲ ಮಣ್ಣಿನಲ್ಲಿ ಉದ್ದ ಹಿಡಿಯ ಹಲ್ಲುಕುಂಟೆಗಳಿಂದ ಪದರ ಪದರವಾಗಿ ಮಣ್ಣು ಕೆರೆದು ತೆಗೆಯುವ ವಿಧಾನವೂ ಬಳಕೆಗೆ ಬಂತು. ಸುಡು ಬಿಸಿಲಲ್ಲಿ ದಿನವಿಡೀ ದುಡಿದರೂ ಒಬ್ಬರಿಂದ ತೆರವಾಗುವುದು ಕೆಲವೇ ಚದರ ಮೀಟರ್.

ಈ ಕೆಲಸಗಾರರಲ್ಲಿ ಬಹಳಷ್ಟು ಮಂದಿ ತಮಿಳು ಹೆಂಗಸರು. ಹಲವರು ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು, ಮನೆಗೆ ತಾವೊಬ್ಬರೇ ದುಡಿಯುವವರು. ಹ್ಯಾಲೊ ಟ್ರಸ್ಟ್, ಮ್ಯಾಗ್‌ನಂಥ ಅಂತರರಾಷ್ಟ್ರೀಯ ಸಂಸ್ಥೆಗಳ ಜೊತೆ ಡ್ಯಾಶ್, ಶಾರ್ಪ್ ಎಂಬ ಸ್ಥಳೀಯ ಸಂಸ್ಥೆಗಳೂ ಶ್ರೀಲಂಕಾ ಸೇನೆಯ ಮಾನವೀಯ ತೆರವು ಘಟಕವೂ ಅಲ್ಲಿ ದುಡಿಯುತ್ತಿವೆ. ಭಾರತದ ಪಾಲೂ ಸಣ್ಣದಲ್ಲ. ಯುದ್ಧ ಮುಗಿದ ಬೆನ್ನಿಗೇ ಭಾರತ ಸರ್ಕಾರ ತನ್ನ ಖರ್ಚಿನಲ್ಲಿ ತೆರವು ತಂಡಗಳನ್ನು ಕಳಿಸಿತು. ಹೊರೈಜನ್, ಸರ್ವತ್ರ ಎಂಬ ಭಾರತೀಯ ಸಂಸ್ಥೆಗಳು ಅಲ್ಲಿ ಕೆಲಸ ಮಾಡಿದವು. 2010ರಲ್ಲಿ ಮೆನಿಕ್ ಫಾರ್ಮ್ ನಿರಾಶ್ರಿತರ ಶಿಬಿರದಲ್ಲಿ ಜೈಪುರ ಕಾಲು ಜೋಡಿಸುವ ಶಿಬಿರ ನಡೆಯಿತು. ಆಮೇಲೆ ಭಾರತದ ನೆರವಿನಿಂದ ಉತ್ತರ ಮತ್ತು ಪೂರ್ವ ಪ್ರಾಂತಗಳಲ್ಲಿ ಸಾವಿರಾರು ಮನೆಗಳು ಎದ್ದವು. ನೆಲ ತೆರವಾಗದೆ ಅಲ್ಲಿ ಪಾಯ ತೋಡುವುದು ಸಾಧ್ಯವಿರಲಿಲ್ಲ.

ಜೈಪುರ ಕಾಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಮನುಷ್ಯರನ್ನು ಗುರಿಯಾಗಿಸಿ ಮಾಡಿದ ಬಹುತೇಕ ನೆಲಬಾಂಬುಗಳ ಉದ್ದೇಶ ಕೊಲ್ಲುವುದಲ್ಲ, ಕಾಲು ಛಿದ್ರ ಮಾಡುವುದು. ಗಾಯಗೊಂಡ ಒಬ್ಬ ಸೈನಿಕನನ್ನು ಹೊರಲು ಇನ್ನಿಬ್ಬರು ಬೇಕು ಎಂಬ ಲೆಕ್ಕ ಅದರ ಹಿಂದಿದೆ. ಸ್ಫೋಟದಲ್ಲಿ ಮಣ್ಣು, ಚಪ್ಪಲಿಯ ಚೂರು, ಮೂಳೆಯ ಚೂರು ತೊಡೆಯವರೆಗೆ ನುಗ್ಗುವುದರಿಂದ ವೈದ್ಯರು ಗಾಯಕ್ಕಿಂತ ಮೇಲಕ್ಕೆ ಕತ್ತರಿಸಬೇಕಾಗುತ್ತದೆ. ಬಲಿಯಾದದ್ದು ಮಗುವಾದರೆ ಬೆಳೆಯುವ ಮೈಗೆ ತಕ್ಕಂತೆ ಕೃತಕ ಕಾಲನ್ನು ಮತ್ತೆ ಮತ್ತೆ ಬದಲಿಸಬೇಕು. ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ಅಗ್ಗದ ರಬ್ಬರ್ ಪಾದ ತೊಟ್ಟು ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಕೆಸರುಗದ್ದೆಗೆ ಇಳಿಯಬಹುದು. ಕಾಂಬೋಡಿಯಾ, ಅಫ್ಗಾನಿಸ್ತಾನದ ಹಳ್ಳಿಗರಿಗೂ ಅದು ಒಗ್ಗಿದ್ದು ಈ ಕಾರಣಕ್ಕೆ.

ಶ್ರೀಲಂಕಾ 2017ರ ಡಿಸೆಂಬರ್‌ನಲ್ಲಿ ಒಟ್ಟಾವಾ ನೆಲಬಾಂಬ್ ನಿಷೇಧ ಒಪ್ಪಂದಕ್ಕೆ ಸೇರಿತು. ಅದರಂತೆ ತನ್ನ ನೆಲವನ್ನೆಲ್ಲ 2028ರ ಜೂನ್ ಒಳಗೆ ತೆರವುಗೊಳಿಸಬೇಕು. ಗುರಿ ಕೈಗೆಟುಕುವಷ್ಟು ಹತ್ತಿರವಿದೆ. ಆದರೆ ಇಂಥ ಕೆಲಸಕ್ಕೆ ಹಣ ಬತ್ತುವುದು ಹೆಚ್ಚಾಗಿ ಕೊನೆಯ ಹಂತದಲ್ಲೇ. ಸುದ್ದಿಯಲ್ಲಿ ಇಲ್ಲದ ಯುದ್ಧಕ್ಕೆ ದಾನಿಗಳು ಸಿಗುವುದು ಕಷ್ಟ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಒಮ್ಮೆಲೇ ತಡೆಹಿಡಿದಾಗ ಕಾಂಬೋಡಿಯಾ ಸೇರಿ ಹಲವೆಡೆ ತೆರವು ತಂಡಗಳು ಕೆಲಸ ನಿಲ್ಲಿಸಬೇಕಾಯಿತು. ಕೊನೆಯವರೆಗೂ ಹಣ ಹರಿದರೆ ಏನಾಗುತ್ತದೆ ಎಂಬುದನ್ನು ಮೊಜಾಂಬಿಕ್ ತೋರಿಸಿದೆ: ಎರಡು ದಶಕಗಳ ದುಡಿಮೆಯ ನಂತರ 2015ರಲ್ಲಿ ಅದು ನೆಲಬಾಂಬ್ ಮುಕ್ತ ಎಂದು ಘೋಷಿಸಿಕೊಂಡಿತು.

ಇದೇ ಹೊತ್ತಿಗೆ ಒಪ್ಪಂದವೇ ಸಡಿಲವಾಗುತ್ತಿದೆ. ರಷ್ಯಾದ ಭಯ ಮುಂದೊಡ್ಡಿ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ, ಪೋಲೆಂಡ್, ಫಿನ್ಲೆಂಡ್ 2025ರಲ್ಲಿ ಹೊರನಡೆಯುವ ನಿರ್ಧಾರ ಮಾಡಿದವು. ಉಕ್ರೇನಿನಲ್ಲಿ ಆದದ್ದನ್ನು ಕಂಡವರಿಗೆ ಅವುಗಳ ಭಯ ಸುಳ್ಳು ಎನ್ನಲಾಗದು. ಆದರೆ ನೆಲಬಾಂಬಿಗೆ ಶತ್ರು, ಮಿತ್ರ ಎಂಬ ಗುರುತು ಇಲ್ಲ. ಕದನವಿರಾಮದ ಸುದ್ದಿಯೂ ಅದಕ್ಕೆ ತಲುಪುವುದಿಲ್ಲ. ಲ್ಯಾಂಡ್‌ಮೈನ್ ಮಾನಿಟರ್ ವರದಿಯ ಪ್ರಕಾರ 2023ರಲ್ಲಿ ನೆಲಬಾಂಬ್ ಮತ್ತು ಯುದ್ಧದ ಸ್ಫೋಟಕ ಅವಶೇಷಗಳಿಂದ ಸತ್ತವರು, ಗಾಯಗೊಂಡವರು 5,757 ಮಂದಿ. ಅವರಲ್ಲಿ ಬಹುಪಾಲು ನಾಗರಿಕರು. ಅತಿ ಹೆಚ್ಚು ಜನ ಬಲಿಯಾದದ್ದು ನಮ್ಮ ಗಡಿಗೆ ತಾಗಿದ ಮ್ಯಾನ್ಮಾರ್‌ನಲ್ಲಿ.

ಭಾರತ ಒಟ್ಟಾವಾ ಒಪ್ಪಂದಕ್ಕೆ ಸೇರಿಲ್ಲ. ಪಾಕಿಸ್ತಾನ, ಚೀನಾಗಳೂ ಸೇರಿಲ್ಲ. ಉದ್ದದ ಗಡಿ, ನುಸುಳುವಿಕೆಯ ಆತಂಕ, ಪರ್ಯಾಯ ತಂತ್ರಜ್ಞಾನದ ಕೊರತೆ ಎಂದು ದೆಹಲಿ ಕಾರಣ ಕೊಡುತ್ತದೆ. ಇದಕ್ಕೆ ನಮ್ಮ ಸೈನಿಕರೂ ಬೆಲೆ ತೆತ್ತಿದ್ದಾರೆ. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ನಡೆದ ನಂತರ, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರಕ್ಷಣಾ ಸಚಿವರಾಗಿದ್ದಾಗ, ಆಪರೇಷನ್ ಪರಾಕ್ರಮದಲ್ಲಿ ಪಶ್ಚಿಮ ಗಡಿಯುದ್ದಕ್ಕೂ ಲಕ್ಷಗಟ್ಟಲೆ ನೆಲಬಾಂಬುಗಳನ್ನು ಹೂಳಲಾಯಿತು. ಯುದ್ಧ ನಡೆಯಲೇ ಇಲ್ಲ. ಆದರೆ ಹೂಳುವಾಗ, ತೆಗೆಯುವಾಗ ಸೈನಿಕರು ಸತ್ತರು. ಪಂಜಾಬ್, ರಾಜಸ್ಥಾನದ ರೈತರು ತಮ್ಮದೇ ಹೊಲಕ್ಕೆ ಕಾಲಿಡಲಾಗದೆ ಪರಿಹಾರಕ್ಕಾಗಿ ಅಲೆದರು. ಪೂಂಛ್, ರಜೌರಿಯಲ್ಲಿ ಮಳೆಗೆ ಮಣ್ಣು ಜರಿದಾಗ ಬಾಂಬುಗಳು ಬೇಲಿ ದಾಟಿ ಕೆಳಗೆ ಜಾರುತ್ತವೆ. ನಿಯಂತ್ರಣ ರೇಖೆಯ ಕಾಡಿಗೆ ಬೆಂಕಿ ಬಿದ್ದಾಗಲೆಲ್ಲ ಅವು ಸಾಲಾಗಿ ಸಿಡಿದ ಸುದ್ದಿ ಬರುತ್ತದೆ.

ಒಪ್ಪಂದಕ್ಕೆ ಸಹಿ ಹಾಕಬೇಕೇ ಎಂಬ ಚರ್ಚೆ ಇನ್ನೂ ಹಲವು ವರ್ಷ ನಡೆಯಲಿ. ಅದು ಮುಗಿಯುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಜಿನೀವಾ ಶಸ್ತ್ರಾಸ್ತ್ರ ಒಪ್ಪಂದದ ತಿದ್ದುಪಡಿಯಾದ ಎರಡನೇ ಪ್ರೋಟೊಕಾಲ್ ಅನ್ನು ಭಾರತ ಒಪ್ಪಿಕೊಂಡಿದೆ. ಬಾಂಬ್ ಹೂತ ಜಾಗದ ದಾಖಲೆ ಇಡುವುದು, ಲೋಹಶೋಧಕಕ್ಕೆ ಸಿಗದ ಬಾಂಬ್ ಬಳಸದಿರುವುದು, ನಾಗರಿಕರಿಗೆ ಎಚ್ಚರಿಕೆ ನೀಡುವುದು ಅದರ ಷರತ್ತುಗಳು. ಆ ಷರತ್ತುಗಳ ಮುಂದಿನ ಸಹಜ ಹೆಜ್ಜೆಯಾಗಿ, ಗಡಿಹಳ್ಳಿಗಳಲ್ಲಿ ಕಾಲು ಕಳೆದುಕೊಂಡ ಕುರಿಗಾಹಿ, ರೈತ, ಹಮಾಲರ ಪಟ್ಟಿಯನ್ನು ಪ್ರತಿವರ್ಷ ಪ್ರಕಟಿಸಬಹುದು. ಬಾಂಬ್ ಎಲ್ಲಿದೆ ಎಂಬುದು ಸೇನೆಯ ಗುಟ್ಟು. ಯಾರ ಕಾಲು ಹೋಯಿತು ಎಂಬುದು ಗುಟ್ಟಾಗಬೇಕಿಲ್ಲ. ಪಟ್ಟಿ ಇದ್ದರೆ ಪರಿಹಾರ, ಪಿಂಚಣಿ, ಕೃತಕ ಕಾಲು ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ ಎಂದು ಕೇಳಲು ಆಧಾರ ಸಿಗುತ್ತದೆ. ಗಡಿಯ ಶಾಲೆಗಳಲ್ಲಿ ಅನುಮಾನದ ವಸ್ತು ಕಂಡರೆ ಮುಟ್ಟಬಾರದು, ಬಂದ ಹೆಜ್ಜೆಯಲ್ಲೇ ಹಿಂದಿರುಗಬೇಕು, ದೊಡ್ಡವರಿಗೆ ತಿಳಿಸಬೇಕು ಎಂಬ ಪಾಠಕ್ಕೆ ವರ್ಷಕ್ಕೆ ಕೆಲವು ತರಗತಿ ಸಾಕು.

ಇನ್ನೊಂದು ಕೆಲಸ ಸಮುದ್ರದಾಚೆ ಇದೆ. ಯುದ್ಧ ಮುಗಿದ ಮರುವರ್ಷ ಮುಹಮಾಲೈಯ ಜನರಿಗೆ ಹಣ ಕೊಡುವುದಕ್ಕಿಂತ, ಎಲ್ಲರೂ ಮರೆತ ಮೇಲೆ ಕೊಡುವುದಕ್ಕೆ ಹೆಚ್ಚಿನ ನಿಷ್ಠೆ ಬೇಕು. 2028ರವರೆಗೆ ಉಳಿದ ನೆಲದ ತೆರವಿಗೆ ಭಾರತ ನಿಶ್ಚಿತ ಮೊತ್ತವನ್ನು ಘೋಷಿಸಬೇಕು. ಕೆಲಸ ಮುಗಿದ ದಿನ ಸಂಬಳ ಕಳೆದುಕೊಳ್ಳುವ ಆ ಹೆಂಗಸರಿಗೆ ಬೇರೆ ಕಸುಬು ಕಲಿಸುವ ಖರ್ಚೂ ಆ ಮೊತ್ತದಲ್ಲಿ ಸೇರಿರಬೇಕು.