ನೀರು ಬ್ಯಾಡ, ಚಾದರ ತರ್ರಿ

ತಿಕೋಟಾ, ಬಬಲೇಶ್ವರ ಕಡೆಯಿಂದ ದಿನಾ ಬೈಕ್ ಮೇಲೆ ವಿಜಯಪುರಕ್ಕೆ ಕ್ಲಾಸಿಗೆ ಬರೋರು ನಮ್ಮಲ್ಲಿ ಬಹಳ ಮಂದಿ. ಕಬ್ಬಿನ ಸೀಸನ್ನಿನಲ್ಲಿ ಹಿಂದಿನ ಲೈಟಿಲ್ಲದ ಟ್ರೇಲರ್ ಕತ್ತಲಲ್ಲಿ ಎದುರಾದರೆ ಹೆಂಗ ಎದೆ ಝಲ್ ಅಂತದ ಅನ್ನೋದು ಅವರಿಗೇ ಗೊತ್ತು. ಅಪಘಾತ ಆದಾಗ ನಾವು ಮಾಡೋದೇನು? ಬಾಯಿಗೆ ನೀರು ಹಾಕ್ತೀವಿ, ಕೈಕಾಲು ಹಿಡಿದು ಎತ್ತಿ ಟಂಟಂನಲ್ಲಿ ಕೂಡಿಸ್ತೀವಿ. ಮನಸ್ಸು ಒಳ್ಳೇದೇ. ಆದರೆ ಸೊಂಟದ ಮೂಳೆ ಮುರಿದವರಿಗೆ ಆ ಉಪಕಾರವೇ ಮುಳುವಾಗಬಹುದು.

ಪೆಲ್ವಿಸ್ ಅಂದರೆ ಮೂಳೆಗಳ ಒಂದು ಬಳೆ. ಜೋರು ಹೊಡೆತಕ್ಕೆ ಆ ಬಳೆ ಬಿಚ್ಚಿಕೊಂಡರೆ ಒಳಗಿನ ರಕ್ತನಾಳಗಳು ಹರಿಯುತ್ತವೆ, ರಕ್ತ ತುಂಬಲು ಜಾಗವೂ ಹಿಗ್ಗುತ್ತದೆ. ದೊಡ್ಡವರ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ಹೊರಗೆ ಹನಿಯೂ ಕಾಣದಂತೆ ಅದರಲ್ಲಿ ಲೀಟರುಗಟ್ಟಲೆ ಒಳಗೇ ಸೋರಬಹುದು. ಎತ್ತಿ ಅಲುಗಾಡಿಸಿದಷ್ಟೂ ಸೋರಿಕೆ ಹೆಚ್ಚು.

ಇದಕ್ಕೆ ಆಸ್ಪತ್ರೆಗಳಲ್ಲಿ ಪೆಲ್ವಿಕ್ ಬೈಂಡರ್ ಎಂಬ ಪಟ್ಟಿ ಇದೆ. ಅದಿಲ್ಲದಾಗ ಮಡಚಿದ ಚಾದರವೂ ಆದೀತು. ಕಟ್ಟಬೇಕಾದ ಜಾಗ ಬೆಲ್ಟ್ ಹಾಕುವಲ್ಲಿ ಅಲ್ಲ. ಅದಕ್ಕಿಂತ ಕೆಳಗೆ, ಪ್ಯಾಂಟಿನ ಪಕ್ಕದ ಕಿಸೆಯ ಮಟ್ಟದಲ್ಲಿ, ತೊಡೆಮೂಳೆಯ ಗಂಟು ಕೈಗೆ ಸಿಗುವಲ್ಲಿ. ಮೊದಲು ಕಿಸೆಯ ಮೊಬೈಲು, ಕೀಲಿ ತೆಗೆಯಬೇಕು. ಎರಡೂ ಮೊಣಕಾಲು ಸೇರಿಸಿ ಕಟ್ಟಬೇಕು. ಹೊರಗೆ ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಒತ್ತಿ ಹಿಡಿಯಬೇಕು, ಪದೇಪದೇ ಎತ್ತಿ ನೋಡಬಾರದು. ಆಪರೇಷನ್ ಬೇಕಾಗಬಹುದು, ಆದ್ದರಿಂದ ನೀರು ಕುಡಿಸಬಾರದು. ಇಷ್ಟರೊಳಗೆ ಒಬ್ಬರು 108ಕ್ಕೆ ಫೋನ್ ಮಾಡಿರಬೇಕು. 20 ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನದ ಪ್ರಕಾರ, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮದ್ದನ್ನು 3 ಗಂಟೆಯೊಳಗೆ ಕೊಟ್ಟರೇ ಉಪಯೋಗ. ಹಳ್ಳಿ ರಸ್ತೆಯಲ್ಲಿ ಆ ಗಡಿಯಾರ ಯಾರಿಗೂ ಕಾಯೋದಿಲ್ಲ.

‘ಪೊಲೀಸ್ ಕಿರಿಕಿರಿ ಯಾಕ ಬೇಕು’ ಅನ್ನೋರಿಗೊಂದು ಮಾತು. 2016ರಲ್ಲಿ ನೆಲಮಂಗಲದ ಬಳಿ ಲಾರಿ ಅಪಘಾತದಲ್ಲಿ ದೇಹ ತುಂಡಾದ ಹರೀಶ್, ಸಾಯುವ ಮುಂಚೆ ತನ್ನ ಅಂಗಾಂಗ ದಾನ ಮಾಡಿ ಅಂದಿದ್ದ. ಆತನ ಹೆಸರಲ್ಲೇ ಸರ್ಕಾರ ಗಾಯಾಳುಗಳ ಮೊದಲ 48 ಗಂಟೆಯ ಚಿಕಿತ್ಸೆಗೆ ಯೋಜನೆ ತಂತು. ನೆರವಾದವರನ್ನು ಕಾಪಾಡಲು 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಹೆಸರು ಹೇಳಿ ಅಂತ ನಮ್ಮನ್ನು ಯಾರೂ ಬಲವಂತ ಮಾಡುವಂತಿಲ್ಲ.

ಮೊದಲ ವರ್ಷ ವರ್ಕ್‌ಶಾಪಿನಲ್ಲಿ ಕಬ್ಬಿಣ ಅರದಿಂದ ಉಜ್ಜೋದು ಕಲಿತೀವಿ. ಅದೇ ವರ್ಷ ಒಂದು ಮಧ್ಯಾಹ್ನ, ಊರಿನ ವೈದ್ಯರನ್ನು ಕರೆಸಿ ಚಾದರ ಕಟ್ಟೋದನ್ನೂ ಕಲಿಸಲಿ. ಖರ್ಚು ನಾಲ್ಕು ಚಾದರದ್ದು. ಈ ಸೆಮಿಸ್ಟರಿನಲ್ಲೇ ಶುರುವಾಗಲಿ ಅಂತ ಪ್ರಿನ್ಸಿಪಾಲರಿಗೆ ಅರ್ಜಿ ಬರೆದಿದ್ದೀವಿ. ಸಹಿ ಹಾಕೋಕೆ ಬರ್ರಿ.